ಬೂದಿಯಲ್ಲಿ ಮಿಂದ ಕೋಳಿಗಳು

ಕಸದ ಬುಟ್ಟಿಯಲ್ಲಿ, ಈರುಳ್ಳಿ ಸಿಪ್ಪೆಯ ಅಡಿಯಲ್ಲಿ, ಹಳೆ ಕಾಗದದಲ್ಲಿ ಸುತ್ತಿಟ್ಟ ಎರಡು ಬೇಯಿಸಿದ ಮೊಟ್ಟೆ! ಸುಲಿದು ಕೊಟ್ಟದ್ದು ಸುಲಿದ ಹಾಗೆಯೇ ಇತ್ತು, ಒಂದು ಚೂರೂ ಕಚ್ಚಿರಲಿಲ್ಲ. ಅತ್ತೆ ಅವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಯ ನಡುವೆ ನಿಂತುಬಿಟ್ಟಳು. ಬೈಗುಳಕ್ಕೆ ಎಂದೂ ಬರವಿಲ್ಲದ ಆ ಬಾಯಿಂದ ಹೊರಟದ್ದು ಒಂದೇ ಮಾತು.

"ಏನಿದು?"

ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ತಟ್ಟುತ್ತಿದ್ದ ಕೈ ನಿಂತಿತು. "ಹೊಟ್ಟೆ ಸರಿ ಇರ್ಲಿಲ್ಲ ಅತ್ತೆ..."

"ನಿನ್ನೆ?"

"ನಿನ್ನೆ ತಿಂದೆನಲ್ಲ."

"ಸುಳ್ಳು ಹೇಳ್ಬೇಡ. ನಿನ್ನೇದನ್ನ ಬೀದಿ ನಾಯಿ ತಿಂತಿದ್ದದ್ದು ನಾನೇ ಕಣ್ಣಾರೆ ನೋಡ್ದೆ. ನಾಯಿಗೆ ಮೊಟ್ಟೆ ಹಾಕೋ ಅಂಥ ಸಿರಿವಂತೆ ಈ ಬೀದೀಲಿ ಯಾರಪ್ಪಾ ಅಂದ್ಕೊಂಡೆ. ನಮ್ಮನೆಯವಳೇ." ಅತ್ತೆಯ ದನಿ ಒಡೆಯಿತು. "ನಾನು ಬೆರಳು ಸುಟ್ಕೊಂಡು ಸುಲಿದು ತಂದ್ಕೊಟ್ರೆ, ಈರುಳ್ಳಿ ಸಿಪ್ಪೆ ಜೊತೆ ಹಾಕ್ತೀಯಾ? ನನ್ನ ಮೇಲೆ ಹಗೆ ಇದ್ರೆ ನನ್ನ ಮೇಲೆ ತೀರಿಸ್ಕೋ. ಮಗು ಹೊಟ್ಟೆ ಮೇಲೆ ಯಾಕೆ? ನೀನು ತಿಂದ್ರೆ ತಾನೇ ಹಾಲು? ಹಾಲಿದ್ರೆ ತಾನೇ ಮಗು?"

ಆ ಕೊನೆಯ ಮಾತಿಗೆ ಸೊಸೆ ಮಗುವನ್ನು ಎದೆಗೊತ್ತಿಕೊಂಡಳು. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹಿತ್ತಲ ಬಾಗಿಲಲ್ಲಿ ಗಂಡ ನಿಂತಿದ್ದ, ಕೈಯಲ್ಲಿ ವೈರು ತರುವ ಖಾಲಿ ಚೀಲ. ಅವನು ಕಣ್ಣಿನಲ್ಲೇ ಬೇಡ ಎಂದ. ಅವಳು ಮಾತನ್ನು ನುಂಗಿದಳು.

"ತಪ್ಪಾಯ್ತು ಅತ್ತೆ. ನಾಳೆಯಿಂದ ತಿಂತೀನಿ."

ನನ್ನನ್ನು ಕೇಳಿದರೆ, ಅವಳು ಅವತ್ತೇ ಹೇಳಬೇಕಿತ್ತು. ಆದರೆ ನನ್ನನ್ನು ಯಾರು ಕೇಳುತ್ತಾರೆ? ಕಥೆ ಹೇಳುವವರ ಬುದ್ಧಿವಾದಕ್ಕೆ ಕಥೆಯೊಳಗಿನವರು ಎಂದಾದರೂ ಕಿವಿಗೊಟ್ಟಿದ್ದಾರೆಯೇ? ಇರಲಿ, ಆ ಮೊಟ್ಟೆಯಲ್ಲಿ ಏನಿತ್ತು, ಅವಳೇಕೆ ಅದನ್ನು ಬಾಯಿಗಿಡಲಿಲ್ಲ ಎಂಬುದನ್ನು ಮೊದಲಿನಿಂದಲೇ ಹೇಳುತ್ತೇನೆ.

ಆ ಅತ್ತೆಯನ್ನು ಬೀದಿಯವರೆಲ್ಲ ತಾಮ್ರಮ್ಮ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರನ್ನು ಅವಳೇ ಮರೆತಿದ್ದಳೋ ಏನೋ. ಗಂಡ ಸತ್ತಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಕೆಡವಿದ ಕಟ್ಟಡಗಳಿಂದ, ರಿಪೇರಿ ಅಂಗಡಿಗಳಿಂದ ಹಳೆ ವೈರು ಆರಿಸಿ ತಂದು, ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿ, ಒಳಗಿನ ತಾಮ್ರ ಎಳೆದು ಮಾರುತ್ತಿದ್ದಳು. ದಿನವಿಡೀ ಸೀಳಿದರೂ ಒಂದು ಹಿಡಿ ತಾಮ್ರ, ಕೈತುಂಬ ಗಾಯ. ಆಮೇಲೆ ಯಾರೋ ಪುಣ್ಯಾತ್ಮರು ಹೇಳಿಕೊಟ್ಟರು: ಸೀಳುವುದೇಕೆ, ಸುಟ್ಟುಬಿಡು. ಮನೆಯ ಹಿಂದೆ ಒಂದು ಗುಂಡಿ ತೋಡಿದಳು. ವೈರಿನ ಮುದ್ದೆಗೆ ಬೆಂಕಿ ಇಟ್ಟರೆ ಪ್ಲಾಸ್ಟಿಕ್ ಕರಗಿ ಉರಿದು ಹೋಗುತ್ತಿತ್ತು. ಬೂದಿ ಕೊಡವಿ ಬ್ರಷ್ಷಿನಿಂದ ತಿಕ್ಕಿದರೆ ತಾಮ್ರ ಥಳಥಳ ಎನ್ನುತ್ತಿತ್ತು. ಆ ಬೆಂಕಿಯೇ ಮಗನನ್ನು ಸಾಕಿತು, ಗೋಡೆ ಎಬ್ಬಿಸಿತು, ಮನೆಗೆ ತಗಡಿನ ಬದಲು ತಾರಸಿ ತಂದಿತು. ಕಪ್ಪು ಹೊಗೆ ಒಣಹಾಕಿದ ಬಟ್ಟೆಗೆ ಮೆತ್ತುತ್ತದೆ ಎಂದು ಪಕ್ಕದ ಮನೆಯವರು ಜಗಳಕ್ಕೆ ಬಂದರೆ ತಾಮ್ರಮ್ಮ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. "ನಿಮ್ಮನೇಲಿ ಉರಿದ್ರೆ ಒಲೆ, ನಮ್ಮನೇಲಿ ಉರಿದ್ರೆ ಹೊಗೆನಾ?" ಬಂದವರು ಗೊಣಗುತ್ತ ಹಿಂದಿರುಗುತ್ತಿದ್ದರು.

ಮಗ ಆ ಗುಂಡಿಯ ಪಕ್ಕದಲ್ಲೇ ಬೆಳೆದ. ಹದಿಹರೆಯದಲ್ಲಿ ಮುಖದ ಮೇಲೆ ಎದ್ದ ಗುಳ್ಳೆಗಳು ವಯಸ್ಸು ಕಳೆದರೂ ಹೋಗಲಿಲ್ಲ. ಕೆನ್ನೆ, ಕಿವಿಯ ಹಿಂಭಾಗ, ಕುತ್ತಿಗೆ, ಎಲ್ಲೆಲ್ಲೂ ಕಪ್ಪು ತುದಿಯ ಗಂಟುಗಳು. ಜೊತೆಯವರು ಗುಳ್ಳೆ ಎಂದು ಹೆಸರಿಟ್ಟರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಎಲ್ಲದಕ್ಕೂ ನಕ್ಕು ಸುಮ್ಮನಾಗುವುದೇ ಅವನ ಸ್ವಭಾವ. ಅಮ್ಮನ ಎದುರಂತೂ ಬಾಯಿಗೆ ಬೀಗ.

ಅಂಥ ಮನೆಗೆ ಬಂದವಳು ಈ ಸೊಸೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹೊಲಿಗೆ ಮಷೀನು ಇಟ್ಟುಕೊಂಡು ಅಂಗಡಿಗಳಿಗೆ ಪರದೆ ಹೊಲಿದು ಕೊಡುತ್ತಿದ್ದಳು. ತುಟಿಪಿಟಕ್ಕೆನ್ನದ ಹೆಣ್ಣು. ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಮೈಯ ನೋವಿಗಿಂತ ಅತ್ತೆಯ ನಾಲಗೆಯೇ ಅವಳನ್ನು ಹೆಚ್ಚು ಸುಟ್ಟಿತು. "ಊರವರ ಮನೆ ಸೊಸೆಯಂದಿರು ಮಕ್ಕಳನ್ನ ಹೆರ್ತಾರೆ. ನಮ್ಮನೇದು ಬರೀ ಪರದೆ ಹೊಲಿಯುತ್ತೆ," ಎಂದು ತಾಮ್ರಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಬಂದವರೂ ನಗುತ್ತಿದ್ದರು. ಕಿಟಕಿಯ ಬಳಿ ಮಷೀನಿನ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ. ಇಂಥ ಮಾತು ಆಡಿದ ಬಾಯಿಗೆ ಅವತ್ತು ಯಾರಾದರೂ ಒಂದು ಮಾತು ತಿರುಗಿಸಿ ಕೊಟ್ಟಿದ್ದರೆ!

ಮೂರನೆಯ ಸಲ ಬಸಿರು ನಿಂತಿತು. ಹೊಟ್ಟೆ ಎದ್ದು ಕಾಣತೊಡಗಿದಾಗ ತಾಮ್ರಮ್ಮ ಎಲ್ಲಿಂದಲೋ ಒಂದಷ್ಟು ಕೋಳಿಗಳನ್ನು ತಂದಳು. ಅಂಗಡಿ ಮೊಟ್ಟೆಯಲ್ಲಿ ಸತ್ವವಿಲ್ಲ, ಮನೆಯ ಮೊಟ್ಟೆಯೇ ಆಗಬೇಕು ಎಂಬುದು ಅವಳ ಹಟ. ಆದರೆ ಕೋಳಿಗಳಿಗೆ ಹೇನು ಹತ್ತಿತು. ಪುಕ್ಕ ಕಿತ್ತುಕೊಂಡು, ಸೊರಗಿ, ಮೊಟ್ಟೆ ಇಡುವುದನ್ನೇ ಬಿಟ್ಟವು. ಧೂಳಿನಲ್ಲಿ ಹೊರಳಾಡಿದರೆ ಹೇನು ಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ನುಣುಪಾದ, ಒಣಗಿದ ಧೂಳು ಎಲ್ಲಿದೆ? ಕಣ್ಣ ಮುಂದೆಯೇ ಇತ್ತು: ಗುಂಡಿಯ ತುಂಬ ಬೂದಿ. ತಾಮ್ರದ ಎಳೆ ಉಳಿದಿದ್ದೀತೆಂದು ಜರಡಿ ಹಿಡಿದ ಬೂದಿ, ಹಿಟ್ಟಿನ ಹಾಗಿತ್ತು. ಹಳೆ ಬಾಗಿಲ ಹಲಗೆಗಳಿಂದ ಒಂದು ತೊಟ್ಟಿ ಕಟ್ಟಿ, ಮಣ್ಣಿಗೆ ಆ ಬೂದಿ ಬೆರೆಸಿ ತುಂಬಿದಳು. ಕೋಳಿಗಳು ರೆಕ್ಕೆ ಬಿಚ್ಚಿ ಅದರಲ್ಲಿ ಮಿಂದವು, ಕಾಲಿನಿಂದ ಕೆದರಿದವು, ಕುಕ್ಕಿ ಕುಕ್ಕಿ ತಿಂದವು. ಹೇನು ಮಾಯವಾಯಿತು. ಪುಕ್ಕ ಹೊಳೆಯಿತು. ಮೊಟ್ಟೆಯ ಹಳದಿ ಎಷ್ಟು ಗಟ್ಟಿ ಬಣ್ಣವಾಗಿತ್ತೆಂದರೆ ತಾಮ್ರಮ್ಮ ಒಂದನ್ನು ಒಡೆದು ಬೀದಿಗೆಲ್ಲ ತೋರಿಸಿ ಬಂದಳು.

ಮಗು ಹುಟ್ಟಿತು. ಹೆಣ್ಣು. ಮೊದಲ ಅಳು ಕೇಳಿದಾಗ ತಾಮ್ರಮ್ಮ ಆಸ್ಪತ್ರೆಯ ಗೋಡೆಗೆ ಹಣೆಯೊತ್ತಿ ಅತ್ತಳು. "ತಾಮ್ರದ ಮನೇಲಿ ಬಂಗಾರ ಹುಟ್ಟಿದೆ ಕಣೋ," ಎಂದು ಮಗನನ್ನು ತಬ್ಬಿಕೊಂಡಳು. ಅಂದಿನಿಂದ ಮಗು ಬಂಗಾರಿ.

ಅಂದಿನಿಂದ ಸೊಸೆಗೂ ಬೇರೆಯೇ ಅತ್ತೆ ಸಿಕ್ಕಳು. ಬೆಳಿಗ್ಗೆ ಮಷೀನಿನ ಮುಂದೆ ಕುಳಿತರೆ ಕೈ ಹಿಡಿದು ಎಬ್ಬಿಸುತ್ತಿದ್ದಳು. "ಪರದೆ ಎಲ್ಲಿಗೂ ಓಡಿ ಹೋಗಲ್ಲ. ಬಾ, ಬಿಸಿ ಇರುವಾಗ್ಲೇ ತಿನ್ನು." ತಾನೇ ಸುಲಿದು, ಉಪ್ಪು ಉದುರಿಸಿ, ಎದುರಿಗೆ ಕುಳಿತು ತಿನ್ನಿಸುತ್ತಿದ್ದಳು. ಮಗನಿಗೂ ಕೊಡುತ್ತಿರಲಿಲ್ಲ, ತಾನೂ ಮುಟ್ಟುತ್ತಿರಲಿಲ್ಲ. ಸೊಸೆಯನ್ನು ಜೀವಮಾನದಲ್ಲಿ ಯಾರೂ ಹಾಗೆ ಕೂರಿಸಿ ತಿನ್ನಿಸಿರಲಿಲ್ಲ. ಒಂದು ದಿನ ತಿನ್ನುತ್ತ ತಿನ್ನುತ್ತಲೇ ಅವಳ ಕಣ್ಣು ತುಂಬಿತು. "ಖಾರ ಹಾಕಿಲ್ವಲ್ಲೇ, ಯಾಕೆ ಅಳ್ತೀಯಾ?" ಎಂದಳು ತಾಮ್ರಮ್ಮ. ಇಬ್ಬರೂ ನಕ್ಕರು. ಆ ಮನೆಯಲ್ಲಿ ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆದರೆ ಬಂಗಾರಿ ತೂಕ ಹಿಡಿಯಲಿಲ್ಲ. ಕಿವಿ ಸೋರುವುದು ನಿಂತರೆ ಕೆಮ್ಮು, ಕೆಮ್ಮು ನಿಂತರೆ ಜ್ವರ. ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಸರಕಾರಿ ಆಸ್ಪತ್ರೆಗೆ ಅಲೆದರು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮಗುವನ್ನು ಪರೀಕ್ಷಿಸುತ್ತಿದ್ದವಳು ತಲೆಯೆತ್ತಿ ಅಪ್ಪನ ಮುಖವನ್ನೇ ನೋಡತೊಡಗಿದಳು. ಕುರ್ಚಿ ಎಳೆದುಕೊಂಡು ಬಂದು ಅವನ ಕಿವಿ ಮಡಚಿ ಹಿಂದೆ ನೋಡಿದಳು.

"ನೀವು ಏನು ಕೆಲಸ ಮಾಡ್ತೀರಿ?"

"ವೈರು ಸುಡ್ತೀವಿ ಮೇಡಂ. ತಾಮ್ರ ತೆಗೀತೀವಿ."

ಡಾಕ್ಟರಮ್ಮ ವಿಳಾಸ ಬರೆದುಕೊಂಡಳು. ಮರುದಿನವೇ ಮನೆಗೆ ಬಂದಳು. ಆ ಹೊತ್ತಿಗೆ ತಾಮ್ರಮ್ಮ ವೈರು ಕೊಳ್ಳಲು ಹೋಗಿದ್ದಳು. ಗುಂಡಿಯ ಬೂದಿ, ತೊಟ್ಟಿಯ ಮಣ್ಣು, ಗೂಡಿನ ಮೊಟ್ಟೆ, ಕೊನೆಗೆ ಸೊಸೆಯ ಎದೆಹಾಲು, ಎಲ್ಲವನ್ನೂ ಪುಟ್ಟ ಬಾಟಲಿಗಳಲ್ಲಿ ತುಂಬಿಕೊಂಡು ಹೋದಳು. ಫಲಿತಾಂಶ ಬರಲು ಬಹಳ ದಿನ ಹಿಡಿಯಿತು. ಬಂದ ದಿನ ಇಬ್ಬರನ್ನೂ ಕರೆಸಿ ಬಾಗಿಲು ಮುಚ್ಚಿದಳು.

"ಇದಕ್ಕೆ ಡಯಾಕ್ಸಿನ್ ಅಂತಾರೆ. ವೈರಿನ ಪ್ಲಾಸ್ಟಿಕ್ಕು ತಾಮ್ರದ ಜೊತೆ ಉರಿದ್ರೆ ಹುಟ್ಟೋ ವಿಷ. ಕಣ್ಣಿಗೆ ಕಾಣಲ್ಲ. ನೀರಲ್ಲಿ ತೊಳೆದ್ರೆ ಹೋಗಲ್ಲ. ಮಣ್ಣಿಗೆ ಬಿದ್ರೆ ವರ್ಷಗಟ್ಟಲೆ ಹಾಗೇ ಇರುತ್ತೆ. ಮೈಯೊಳಗೆ ಹೋದ್ರೆ ಕೊಬ್ಬಿನಲ್ಲಿ ಸೇರಿಕೊಂಡು ಕೂತ್ಬಿಡುತ್ತೆ. ನಿಮ್ಮ ಯಜಮಾನರ ಮುಖದ ಮೇಲಿರೋದು ಅದರ ಗುರುತೇ."

"ಮೊಟ್ಟೆ?" ಸೊಸೆಯ ದನಿ ಅವಳಿಗೇ ಕೇಳಿಸಲಿಲ್ಲ.

"ಮೊಟ್ಟೆಯಲ್ಲೇ ಬಹಳ ಇದೆ. ಕೋಳಿ ಆ ಬೂದಿಯಲ್ಲೇ ಬೆಳೆದಿದೆ. ಇನ್ನು ಒಂದೂ ತಿನ್ಬೇಡಿ. ಬೆಂಕಿ ಇವತ್ತೇ ನಿಲ್ಲಿಸಿ. ಸಾಧ್ಯ ಆದ್ರೆ ಆ ಮನೆಯನ್ನೇ ಬಿಟ್ಟು ಹೋಗಿ."

"ನನ್ನ ಮೈಯಲ್ಲಿರೋದಕ್ಕೆ ಔಷಧಿ..."

"ಇಲ್ಲಮ್ಮ. ತಾನಾಗೇ ಕಮ್ಮಿ ಆಗ್ಬೇಕು. ಬಹಳ ವರ್ಷ ಬೇಕು." ಡಾಕ್ಟರಮ್ಮ ಮುಂದಿನದನ್ನು ಹೇಳಲೋ ಬೇಡವೋ ಎಂಬಂತೆ ಮೇಜು ನೋಡಿದಳು. "ಹೆಂಗಸರ ಮೈಯಿಂದ ಅದು ಬೇಗ ಹೊರಗೆ ಹೋಗೋ ದಾರಿ ಅಂದ್ರೆ ಎದೆಹಾಲು."

ಆ ಹೊತ್ತಿನಲ್ಲಿ ಬಂಗಾರಿ ಸೆರಗಿನೊಳಗೆ ಹಾಲು ಕುಡಿಯುತ್ತಿದ್ದಳು! ಪುಟ್ಟ ಕೈ ಅಮ್ಮನ ಕುತ್ತಿಗೆಯ ಮೇಲಿತ್ತು. ಗುಟುಕು ಗುಟುಕಾಗಿ ನುಂಗುವ ಸದ್ದು ಆ ಮುಚ್ಚಿದ ಕೋಣೆಯಲ್ಲಿ ಮೂವರಿಗೂ ಕೇಳಿಸುತ್ತಿತ್ತು. ಕಿತ್ತುಕೊಳ್ಳಲೇ? ಮಗು ಅಳುತ್ತದೆ. ಕುಡಿಯಲು ಬಿಡಲೇ? ಅಯ್ಯೋ, ಯಾವ ತಾಯಿಗೂ ಅಂಥ ಗಳಿಗೆ ಬರಬಾರದು...

"ಸಾಮಾನ್ಯವಾಗಿ ನಾವು ಎದೆಹಾಲು ಬಿಡಿಸಿ ಅಂತ ಹೇಳೋದೇ ಇಲ್ಲ. ತಾಯಿ ಹಾಲಿಗಿಂತ ಒಳ್ಳೇದು ಬೇರೆ ಇಲ್ಲ," ಎಂದಳು ಡಾಕ್ಟರಮ್ಮ. "ಆದ್ರೆ ನಿಮ್ಮ ಮನೇಲಿ ಸಿಕ್ಕಿದಷ್ಟು ನಾನು ಎಲ್ಲೂ ನೋಡಿಲ್ಲ. ಡಬ್ಬಿ ಹಾಲು ಅಭ್ಯಾಸ ಮಾಡಿಸಿ ನೋಡಿ. ಕುಡೀದೇ ಇದ್ರೆ ಹಸಿದಿರಲಿ ಅಂತ ಮಾತ್ರ ಬಿಡ್ಬೇಡಿ."

ಆಸ್ಪತ್ರೆಯ ಗೇಟಿನ ಹತ್ತಿರ ಗಂಡ ಅವಳ ತೋಳು ಹಿಡಿದು ನಿಲ್ಲಿಸಿದ. ಅವನ ಗುಳ್ಳೆ ತುಂಬಿದ ಕೆನ್ನೆಯ ಮೇಲೆ ಕಣ್ಣೀರು ದಾರಿ ಸಿಗದೆ ಅಡ್ಡಾದಿಡ್ಡಿ ಇಳಿಯುತ್ತಿತ್ತು.

"ಅಮ್ಮನಿಗೆ ಹೇಳ್ಬೇಡ. ಅವಳ ಕೈಯಾರೆ ಆಗಿದ್ದು ಅಂತ ಗೊತ್ತಾದ್ರೆ ಬದುಕಲ್ಲ."

"ಮೊಟ್ಟೆ ತಂದ್ಕೊಡ್ತಾರಲ್ಲ, ಏನು ಮಾಡ್ಲಿ?"

"ಏನಾದ್ರೂ ನೆಪ ಹೇಳು. ವೈರು ಸಿಗ್ತಿಲ್ಲ ಅಂತ ನಾನು ಬೆಂಕಿ ನಿಲ್ಲಿಸ್ತೀನಿ. ಬೇರೆ ಕಡೆ ಒಂದು ಕೋಣೆ ನೋಡ್ತೀನಿ. ಸ್ವಲ್ಪ ದಿನ, ಅಷ್ಟೇ."

ಸ್ವಲ್ಪ ದಿನ! ಬಾಯಿಬಿಡಲಾಗದವರು ಯಾವಾಗಲೂ ಕೇಳುವುದು ಸ್ವಲ್ಪ ದಿನವನ್ನೇ. ಅವಳು ಒಪ್ಪಿದಳು. ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಎಸೆಯತೊಡಗಿದಳು. ಬಂಗಾರಿಗೆ ಡಬ್ಬಿ ಹಾಲು ಬೆರೆಸಿದಳು. ಮಗು ಬಾಟಲಿಯನ್ನು ನಾಲಗೆಯಿಂದಲೇ ತಳ್ಳಿತು, ಕುಡಿದಷ್ಟನ್ನೂ ಕಾರಿತು, ಮುಖ ಕೆಂಪಾಗುವಷ್ಟು ಅತ್ತು ಅಮ್ಮನ ಎದೆಯನ್ನೇ ತಡಕಿತು. ಒಳಗಿನಿಂದ ತಾಮ್ರಮ್ಮ ಕೂಗುತ್ತಿದ್ದಳು, "ಮಗು ಅಳ್ತಿದೆ, ಹಾಲು ಕೊಡೇ." ಅವಳು ಕೊಡುತ್ತಿದ್ದಳು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕೊಡುತ್ತಿದ್ದಳು. ವಿಷ ಇಳಿದು ತನ್ನ ಮೈ ಹಗುರಾದಷ್ಟೂ ಮಗುವಿನ ಮೈ ಭಾರವಾಗುತ್ತಿದೆ ಎಂದು ತಿಳಿದೂ ಕೊಡುತ್ತಿದ್ದಳು.

ಕಸದ ಬುಟ್ಟಿಯಲ್ಲಿ ಮೊಟ್ಟೆ ಸಿಕ್ಕಿದ್ದು ಆ ದಿನಗಳಲ್ಲಿಯೇ. ಅದಾದ ಮೇಲೆ ತಾಮ್ರಮ್ಮ ಸೊಸೆಯೊಡನೆ ಮಾತು ಬಿಟ್ಟಳು. ಮೊಟ್ಟೆ ತಟ್ಟೆಯನ್ನು ಮಷೀನಿನ ಮೇಲೆ ಕುಕ್ಕಿ ಹೋಗುವಳು, ತಿಂದಳೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ಕಾಯುವಳು. ಸೊಸೆ ಬಾಯಲ್ಲಿಟ್ಟುಕೊಂಡು ಬಚ್ಚಲಿಗೆ ಓಡಿ ಉಗಿಯುವಳು.

ಹೀಗೆ ಎಷ್ಟು ದಿನ ನಡೆಯುತ್ತಿತ್ತೋ, ಡಾಕ್ಟರಮ್ಮನ ವರದಿ ತಲುಪಿ ಆರೋಗ್ಯ ಇಲಾಖೆಯ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಮುಖಕ್ಕೆ ಮುಸುಕು, ಕೈಗೆ ಗವಸು ಹಾಕಿಕೊಂಡವರು ಇಳಿದರು. ಗುಂಡಿಯ ಸುತ್ತ ಪಟ್ಟಿ ಕಟ್ಟಿದರು. ಕೋಳಿಗಳನ್ನು ಹಿಡಿದು ಚೀಲಕ್ಕೆ ತುಂಬತೊಡಗಿದಾಗ ತಾಮ್ರಮ್ಮ ಅಡ್ಡ ಬಂದಳು.

"ಮುಟ್ಟಿದ್ರೆ ನೋಡಿ. ಬಾಣಂತಿ ಮನೆ ಕೋಳಿ ಅವು. ಏನು ರೋಗ ಬಂದಿದೆ ಅವಕ್ಕೆ? ಪುಕ್ಕ ನೋಡಿ ಹೆಂಗೆ ಹೊಳೀತಿದೆ."

"ರೋಗ ಅಲ್ಲಮ್ಮ," ಎಂದ ಅವರಲ್ಲೊಬ್ಬ. ಮನೆಯ ಸಂಗತಿ ಅವನಿಗೇನು ಗೊತ್ತು, ಪಾಪ? ತೊಟ್ಟಿಯ ಬೂದಿಯನ್ನು ತೋರಿಸಿದ. "ಇದು ವಿಷ. ಕೋಳಿ ಇದನ್ನೇ ತಿಂದಿದೆ. ಈ ಬೂದೀನ ಯಾರು ಹಾಕಿದ್ದು ಇಲ್ಲಿ?"

ತಾಮ್ರಮ್ಮ ಅಡ್ಡ ಚಾಚಿದ್ದ ಕೈ ತಾನಾಗಿ ಕೆಳಗಿಳಿಯಿತು. ಗಾಡಿ ಹೋದ ಮೇಲೂ ಅಲ್ಲೇ ನಿಂತಿದ್ದಳು. ಮಧ್ಯಾಹ್ನ ಮಗ ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದಳು.

"ಕೋಳಿ ತಿಂದಿದ್ದು ಮೊಟ್ಟೆಗೂ ಹೋಗುತ್ತೇನೋ?"

ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. "ಇಲ್ಲಮ್ಮ... ಮೊಟ್ಟೆಗೆ ಚಿಪ್ಪಿರುತ್ತಲ್ಲ."

"ಅದೂ ಸರಿನೇ. ಚಿಪ್ಪಿರುತ್ತೆ," ಎಂದಳು ತಾಮ್ರಮ್ಮ. ಆ ದಿನವೆಲ್ಲ ಪಾತ್ರೆ ತೊಳೆಯುವಾಗ, ನೆಲ ಒರೆಸುವಾಗ ಅವಳ ತುಟಿ ಅದನ್ನೇ ಗುಣುಗುಣಿಸುತ್ತಿತ್ತು. ಚಿಪ್ಪಿರುತ್ತೆ. ಚಿಪ್ಪಿರುತ್ತೆ.

ಗಂಡ ಬೇರೆ ಕೋಣೆ ಹುಡುಕುತ್ತಲೇ ಇದ್ದ. ಅವನ ಮುಖ ನೋಡಿದವರು, ಅಂಟು ರೋಗವಿದ್ದೀತೆಂದು ಕೋಣೆ ಖಾಲಿಯಿಲ್ಲ ಎನ್ನುತ್ತಿದ್ದರು. ಅಷ್ಟರಲ್ಲಿ ಬಂಗಾರಿಗೆ ಮತ್ತೆ ಕೆಮ್ಮು ಹಿಡಿಯಿತು. ಈ ಸಲ ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿದರು, ಪಕ್ಕೆಲುಬು ಎದ್ದು ಬೀಳುವುದನ್ನು ನೋಡುತ್ತ ಮೂವರೂ ಬೆಂಚಿನ ಮೇಲೆ ಕುಳಿತರು. ತಾಮ್ರಮ್ಮ ಯಾರನ್ನೂ ಬೈಯಲಿಲ್ಲ. ನರ್ಸ್ ಹಾದು ಹೋದಾಗಲೆಲ್ಲ ಎದ್ದು ನಿಲ್ಲುವಳು, ಅವಳು ಏನೂ ಹೇಳದೆ ಹೋದರೆ ಮತ್ತೆ ಕೂರುವಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಾಸಿಗೆಗೆ ಬರುವ ಹೊತ್ತಿಗೆ ಪಕ್ಕೆಲುಬು ಎದ್ದು ಬೀಳುವುದು ನಿಂತಿತು.

"ಇದರಿಂದಲೇ ಹೀಗಾಯ್ತಾ ಮೇಡಂ?" ಕಾರಿಡಾರಿನ ತುದಿಯಲ್ಲಿ ಸೊಸೆ ಡಾಕ್ಟರಮ್ಮನನ್ನು ಕೇಳಿದಳು. ಅವಳ ಕಣ್ಣಲ್ಲಿ ಆಗ ನೀರಿರಲಿಲ್ಲ.

"ಆ ವಿಷ ರೋಗ ತಡೆಯೋ ಶಕ್ತೀನ ಕುಂದಿಸುತ್ತೆ. ಆದ್ರೆ ಇದರಿಂದಲೇ ಅಂತ ನಾನು ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಯಾರಿಗೂ ಆಗಲ್ಲ." ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡಳು.

ಬಂಗಾರಿಯನ್ನು ಮಣ್ಣು ಮಾಡಿ ಬಂದರು. ಮಗು ಹೋಯಿತು, ಹಾಲು ಹೋಗಲಿಲ್ಲ! ಅದಕ್ಕೇನು ಗೊತ್ತು, ಕುಡಿಯುವವಳು ಇಲ್ಲವೆಂದು? ಹೊತ್ತು ಹೊತ್ತಿಗೆ ಎದೆ ತುಂಬಿ ಕಲ್ಲಾಗುತ್ತಿತ್ತು, ಮೈಮೇಲಿನ ಬಟ್ಟೆ ನೆನೆಯುತ್ತಿತ್ತು. ಸೊಸೆ ಬಚ್ಚಲಲ್ಲಿ ಕುಳಿತು ಒಂದು ಲೋಟಕ್ಕೆ ಹಿಂಡಿದಳು. ಚೆಲ್ಲಲು ಎದ್ದವಳು ಹಾಗೆಯೇ ನಿಂತಳು. ಎಲ್ಲಿ ಚೆಲ್ಲಬೇಕು? ಮೋರಿಗೆ ಸುರಿದರೆ ಹೊಲಗಳಿಗೆ ಹೋಗುತ್ತದೆ. ಮಣ್ಣಿಗೆ ಸುರಿದರೆ ಇನ್ನಾವ ಕೋಳಿ ಕುಕ್ಕುತ್ತದೋ. ತನ್ನ ಮೈಯಿಂದ ಬಂದದ್ದನ್ನು ಇಡಲು ಈ ಭೂಮಿಯ ಮೇಲೆ ಒಂದು ಅಂಗೈಯಷ್ಟು ಜಾಗವಿಲ್ಲವೇ? ಲೋಟ ಹಿಡಿದುಕೊಂಡು, ಗೋಡೆಗೆ ಒರಗಿ, ಅವಳು ಆಗ ಅತ್ತಳು. ಆಸ್ಪತ್ರೆಯಲ್ಲಿ ಬಾರದಿದ್ದ ಅಳುವೆಲ್ಲ ಅಲ್ಲಿ ಬಂತು.

ತಾಮ್ರಮ್ಮ ಅಳಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕುಳಿತವಳು ಏಳಲಿಲ್ಲ. ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಮಗ ಕಾಲು ಹಿಡಿದು ಬೇಡಿದ, ಎತ್ತಿ ಒಳಗೆ ಮಲಗಿಸಿದ. ಮತ್ತೆ ಬಂದು ಅಲ್ಲೇ ಕುಳಿತಳು. ತುಟಿ ಒಡೆದು ರಕ್ತ ಒಸರುತ್ತಿತ್ತು. ಕೊನೆಗೆ ಸೊಸೆಯೇ ನೀರು ತಂದು ಪಕ್ಕದಲ್ಲಿ ಕುಳಿತಳು. ಮಗ ಹಿಂದೆ ಬಾಗಿಲಿಗೆ ಒರಗಿ ನಿಂತ.

"ಒಂದು ಗುಟುಕು ಕುಡೀರಿ ಅತ್ತೆ."

ತಾಮ್ರಮ್ಮ ನೀರಿನ ಕಡೆ ನೋಡಲಿಲ್ಲ. ಸೊಸೆಯ ಮುಖವನ್ನು ನೋಡಿದಳು, ಮಾತು ಬಿಟ್ಟ ಮೇಲೆ ಮೊದಲ ಸಲ.

"ಡಾಕ್ಟರಮ್ಮ ನಿನ್ಹತ್ರ ಏನೋ ಹೇಳಿದ್ದಾಳೆ. ಅದಕ್ಕೇ ನೀನು ಮೊಟ್ಟೆ ಬಿಸಾಕಿದ್ದು. ಚಿಪ್ಪು ಗಿಪ್ಪು ಅಂತ ಇವನು ನನಗೆ ಹೇಳ್ತಾನೆ. ಇವನಿಗೆ ಸುಳ್ಳು ಹೇಳೋಕೆ ಬರಲ್ಲ, ಚಿಕ್ಕಂದಿನಿಂದಾನೂ. ನೀನು ಹೇಳು. ಬೂದಿ ಹಾಕಿದ್ದು ನಾನು. ಸುಲಿದು ತಿನ್ನಿಸಿದ್ದು ನಾನು. ನನ್ನ ಬಂಗಾರೀನ ನಾನೇನಾ ಕೊಂದಿದ್ದು?"

ಓದುವವರೇ, ನೀವೇ ಹೇಳಿ. ವರ್ಷಗಟ್ಟಲೆ ಈ ಬಾಯಿ ಅವಳನ್ನು ಬೀದಿಯವರ ಮುಂದೆ ಬಂಜೆಯೆಂದು ನಗೆಪಾಟಲು ಮಾಡಿತ್ತು. ಕಳೆದುಕೊಂಡ ಎರಡು ಬಸಿರುಗಳನ್ನು ಅವಳ ತಲೆಗೇ ಕಟ್ಟಿತ್ತು. ಈಗ ಒಂದೇ ಒಂದು ಮಾತು ಸಾಕಿತ್ತು. ಹೌದು ಅತ್ತೆ, ನೀವೇ. ಎರಡೂ ಬಸಿರು ಹೋದದ್ದಕ್ಕೆ ನಿಮ್ಮ ಹೊಗೆಯೇ ಕಾರಣವಿದ್ದೀತು, ಮೂರನೆಯದಕ್ಕೆ ನಿಮ್ಮ ಮೊಟ್ಟೆ. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ! ಆ ಮಾತು ಅವಳ ನಾಲಗೆಯ ತುದಿಗೆ ಬಂದು ನಿಂತಿತ್ತು. ಆದರೆ ಅವಳು ನೋಡಿದ್ದು ಆ ಒಡೆದ ತುಟಿಗಳನ್ನು. ಉತ್ತರಕ್ಕಾಗಿ ಕಾಯುತ್ತ ಉಸಿರು ಹಿಡಿದು ಕುಳಿತ ಮುದುಕಿಯನ್ನು. ಹೌದು ಎಂದರೆ ಈ ಜೀವ ಈ ಮೆಟ್ಟಿಲಿನಿಂದ ಏಳುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು.

"ಅಲ್ಲ ಅತ್ತೆ," ಎಂದಳು. "ದೋಷ ಇದ್ದದ್ದು ನನ್ನ ಹಾಲಲ್ಲಿ."

"ಅಮ್ಮಾ, ಅದು..." ಮಗ ಮುಂದೆ ಬಂದ.

"ನೀವು ಸುಮ್ನಿರಿ. ಅತ್ತೆಗೆ ಗೊತ್ತಾಗ್ಲಿ ಬಿಡಿ, ಎಷ್ಟು ದಿನ ಮುಚ್ಚಿಡೋದು?" ಅವಳು ತಿರುಗದೆಯೇ ಹೇಳಿದಳು. "ಹುಟ್ಟಿನಿಂದಾನೇ ನನ್ನ ಮೈ ಹಾಗೆ ಅತ್ತೆ. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದ್ರು. ಮೊದಲೆರಡು ನಿಲ್ಲದೇ ಇದ್ದದ್ದೂ ಅದಕ್ಕೇ. ನಿಮಗೆ ಹೇಳೋಕೆ ಮುಖ ಇರ್ಲಿಲ್ಲ. ನೀವು ಅಷ್ಟು ಪ್ರೀತಿಯಿಂದ ಕೊಡ್ತಿದ್ರಿ, ನನ್ನಂಥವಳಿಗೆ ಯಾಕೆ ದಂಡ ಅಂತ ಗಂಟಲಲ್ಲಿ ಇಳೀತಿರ್ಲಿಲ್ಲ. ಅದಕ್ಕೇ ಬಿಸಾಕಿದ್ದು. ಮೊಟ್ಟೆಯಲ್ಲಿ ಏನೂ ಇರ್ಲಿಲ್ಲ."

ತಾಮ್ರಮ್ಮ ಬಹಳ ಹೊತ್ತು ಅವಳ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಲೋಟಕ್ಕೆ ಕೈ ಚಾಚಿದಳು. ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದಳು, ನೀರು ಗಲ್ಲದಿಂದ ಕುತ್ತಿಗೆಗೆ ಇಳಿಯಿತು. ಕುಡಿದು ಮುಗಿಸಿದ ಮೇಲೆ ಅಳು ಬಂತು. ಬಂಗಾರೀ, ಬಂಗಾರೀ ಎಂದು ಎದೆ ಬಡಿದುಕೊಂಡು, ಮಗನ ಕಾಲು ತಬ್ಬಿಕೊಂಡು ಅತ್ತಳು. ಆ ಅಳು ಮುಗಿದ ಮೇಲೆ ಅವಳ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಬಣ್ಣದ ಜೊತೆಗೆ ಸಿಟ್ಟೂ ಬಂತು.

"ನಾನು ಮೊದಲಿಂದ ಹೇಳ್ತಿದ್ದೆ," ಎಂದಳು. "ಇವಳಲ್ಲೇ ಏನೋ ಇದೆ ಅಂತ. ನನ್ನ ಮಾತು ಯಾರು ಕೇಳಿದ್ರು?"

ಅಂದು ಸಂಜೆ ತಾಮ್ರಮ್ಮ ಊಟ ಮಾಡಿದಳು.

ನನಗಂತೂ ಈ ಸೊಸೆಯ ಮೇಲೆ ಇಂದಿಗೂ ಸಿಟ್ಟಿದೆ. ತ್ಯಾಗ ಮಾಡಲು ಹೋಗಿ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಳು. ಮುಂದೆ ಆದದ್ದಾದರೂ ಏನು? ಗುಂಡಿಯ ಸುತ್ತ ತಂತಿ ಬೇಲಿ ಬಂತು, ಬೂದಿ ಅದರೊಳಗೇ ಉಳಿಯಿತು. ಇಲಾಖೆಯವರು ಇಂದು ಬರುತ್ತೇವೆ ನಾಳೆ ಬರುತ್ತೇವೆ ಎಂದು ಬರಲೇ ಇಲ್ಲ. ಮಗ ಮೂಟೆ ಹೊರುವ ಕೆಲಸಕ್ಕೆ ಸೇರಿದ. ತಾಮ್ರಮ್ಮ ಮತ್ತೆ ಬ್ಲೇಡು ಹಿಡಿದು, ಜಗಲಿಯ ಮೇಲೆ ಕುಳಿತು ವೈರು ಸೀಳತೊಡಗಿದಳು. ಸೀಳುತ್ತ ಸೀಳುತ್ತ ಹಾದುಹೋಗುವವರನ್ನೆಲ್ಲ ಕರೆದು ಕೂರಿಸಿ ಹೇಳುತ್ತಿದ್ದಳು: "ನನ್ನ ಮೊಮ್ಮಗಳಿಗೆ ಏನು ಕಮ್ಮಿ ಮಾಡಿದ್ದೆ? ಅವಳ ಹಾಲೇ ವಿಷ ಆಗಿತ್ತು. ಡಾಕ್ಟರೇ ಹೇಳಿದ್ದು." ಹೇಳಿದಷ್ಟೂ ಅವಳ ಮೈ ಕೈ ತುಂಬಿಕೊಂಡಿತು. ಕಿಟಕಿಯ ಒಳಗೆ ಸೊಸೆ ಪರದೆ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಹೆಂಗಸು, ಹರಿದ ಪರದೆ ಹೊಲಿಸಲು ಬಂದವಳು, ಕಂಕುಳಲ್ಲಿದ್ದ ತನ್ನ ಕೂಸನ್ನು "ಸ್ವಲ್ಪ ಹಿಡ್ಕೋ" ಎಂದು ಸೊಸೆಯ ಕಡೆ ಚಾಚಿದಳು. ಜಗಲಿಯಿಂದ ತಾಮ್ರಮ್ಮ ಚಂಗನೆ ಎದ್ದು ಬಂದಳು. "ಅವಳ ಕೈಗೆ ಕೊಡ್ಬೇಡ. ಅವಳ ಮೈ ಸರಿಯಿಲ್ಲ." ಪಕ್ಕದ ಮನೆಯವಳು ಗಾಬರಿಯಾಗಿ ಕೂಸನ್ನು ಹಿಂದಕ್ಕೆಳೆದುಕೊಂಡಳು. ಅದಕ್ಕೂ ಮೊದಲೇ ಸೊಸೆ ತನ್ನ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದಳು.

ಪಕ್ಕದ ಮನೆಯವಳು ಹೋದ ಮೇಲೆ ಗಂಡ ಒಳಗೆ ಬಂದ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದ ಮುಖದಲ್ಲಿ ನಗುವಿರಲಿಲ್ಲ.

"ಇವತ್ತು ಅಮ್ಮನಿಗೆ ಹೇಳೇಬಿಡ್ತೀನಿ. ನೀನು ಹೇಳಿದ್ದು ಸುಳ್ಳು ಅಂತ."

"ಏನು ಸುಳ್ಳು ಹೇಳ್ದೆ?" ಸೊಸೆ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು. "ಹುಟ್ಟಿನಿಂದ ಅಂದದ್ದೊಂದೇ ಸುಳ್ಳು. ಬಂಗಾರಿ ಕುಡಿದ ಹಾಲು ನಂದೇ ತಾನೇ? ಗೊತ್ತಿದ್ದೂ ಕೊಟ್ಟವಳು ನಾನೇ ತಾನೇ? ನಿಮ್ಮಮ್ಮನಿಗೆ ಗೊತ್ತೇ ಇರ್ಲಿಲ್ಲ."

ಗಂಡ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕುಳಿತ. ಅವಳು ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು, ಮತ್ತೆ ದಾರ ಪೋಣಿಸತೊಡಗಿದಳು. ದಾರ ಸೂಜಿಗೆ ಸಿಗುತ್ತಿರಲಿಲ್ಲ.

"ಇನ್ನೂ ಕೂತೇ ಇದ್ದೀಯಾ?" ಜಗಲಿಯಿಂದ ತಾಮ್ರಮ್ಮನ ದನಿ ಗಟ್ಟಿಯಾಗಿ, ಆರೋಗ್ಯವಾಗಿ ಕೇಳಿಸಿತು. "ಹೊತ್ತು ಮುಳುಗ್ತಾ ಬಂತು. ಒಲೆ ಹಚ್ಚೋದಿಲ್ವಾ?"

"ಬಂದೆ ಅತ್ತೆ," ಎಂದು ಸೊಸೆ ಎದ್ದಳು.